ಉಪ್ಪು ಜೌಗಿನ ಬೋಳು ನೆಲದಲ್ಲಿ ಹಸಿರು ಮರಳುವುದನ್ನು ದಾಖಲಿಸುವುದು ಹೇಗೆ?

ಸಮುದ್ರದ ಉಬ್ಬರದ ನೀರು ಬಂದುಹೋಗುವ, ಹುಲ್ಲು ಬೆಳೆದ ಕರಾವಳಿಯ ತೇವನೆಲವೇ ಉಪ್ಪು ಜೌಗು. ಅದರ ನಡುವೆ ಬೋಳುಬಿದ್ದ ನೆಲ ಕಂಡರೆ, ಸಸಿ ನೆಡುವ ಮಾತಿಗೆ ಮುನ್ನ ಆ ನೆಲದ ಅಗಲವನ್ನೂ ಅದರ ಮಣ್ಣಿನ ಉಪ್ಪನ್ನೂ ಅಳೆಯಬೇಕು. ಅಲ್ಲಿ ಯಾವ ಗಿಡ ಮೊದಲು ಬರುತ್ತದೆ, ಯಾವುದು ಅದರ ಬೆನ್ನಿಗೆ ಬರುತ್ತದೆ, ನಮ್ಮ ಕೈ ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಈ ಎರಡು ಅಳತೆಗಳಿಂದಲೇ ತಿಳಿಯುತ್ತದೆ. ಅಮೆರಿಕದ ಈಶಾನ್ಯ ಕರಾವಳಿಯ ರೋಡ್ ಐಲೆಂಡ್ ರಾಜ್ಯದ ಜೌಗುಗಳಲ್ಲಿ ಪರಿಸರ ವಿಜ್ಞಾನಿ ಮಾರ್ಕ್ ಬರ್ಟ್ನೆಸ್ ಮತ್ತು ಅವರ ಸಂಗಡಿಗರು 1980 ಮತ್ತು 1990ರ ದಶಕಗಳಲ್ಲಿ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ಹಾಗಾಗಿ ಇಲ್ಲಿನ ಉದಾಹರಣೆಗಳೆಲ್ಲ ಹೆಚ್ಚಾಗಿ ಅಲ್ಲಿಯವೇ.

ಮೊದಲು ಕಾರಣವನ್ನು ಗುರುತಿಸಿ. ಅಲ್ಲಿ ಚಳಿಗಾಲದಲ್ಲಿ ಮುರಿದ ಸ್ಪಾರ್ಟಿನಾ ಹುಲ್ಲಿನ ಒಣ ದಂಟುಗಳು ದೊಡ್ಡ ಉಬ್ಬರದೊಡನೆ ತೇಲಿಬಂದು ಜೌಗಿನ ಮೇಲ್ಭಾಗದಲ್ಲಿ ಚಾಪೆಯಂತೆ ಹಾಸಿಕೊಳ್ಳುತ್ತವೆ. ಆ ಹಾಸು ವಾರಗಟ್ಟಲೆ ಕದಲದಿದ್ದರೆ ಅಡಿಯ ಗಿಡಗಳು ಬೆಳಕಿಲ್ಲದೆ ಸಾಯುತ್ತವೆ. ಮುಂದಿನ ಉಬ್ಬರ ಅದನ್ನು ಹೊತ್ತೊಯ್ದಾಗ ಬೋಳು ನೆಲ ಉಳಿಯುತ್ತದೆ. ಅಂಚಿನಲ್ಲಿ ಇನ್ನೂ ಒಣ ದಂಟಿನ ಸಾಲು ಬಿದ್ದಿದ್ದರೆ ಕಾರಣ ಇದೇ ಎಂದು ಊಹಿಸಬಹುದು.

ಮುಖ್ಯವಾದ ಸಂಗತಿ ಇನ್ನು ಮುಂದಿನದು. ನೆರಳಿಲ್ಲದ ಮಣ್ಣಿನಿಂದ ಬಿಸಿಲು ನೀರನ್ನಷ್ಟೇ ಎಳೆಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹೀಗೆ ಬೋಳು ನೆಲ ಸಮುದ್ರದ ನೀರಿಗಿಂತಲೂ ಉಪ್ಪಾಗುತ್ತದೆ. ನೆಲದ ಅಗಲ ಹೆಚ್ಚಿದಷ್ಟೂ ಈ ಉಪ್ಪೂ ಹೆಚ್ಚು, ಏಕೆಂದರೆ ಚಿಕ್ಕ ಬೋಳಿಗೆ ಸುತ್ತಲಿನ ಹುಲ್ಲಿನ ನೆರಳಾದರೂ ಸಿಗುತ್ತದೆ. ಅಗಲವಾದ ಬೋಳಿನಲ್ಲಿ ಬೀಜದಿಂದ ಹುಟ್ಟಿ ಬದುಕುವುದು ಬಹುತೇಕ ಸ್ಯಾಲಿಕಾರ್ನಿಯಾ ಒಂದೇ. ಎಲೆಯಿಲ್ಲದಂತೆ ಕಾಣುವ, ರಸ ತುಂಬಿದ ಗಿಣ್ಣುಗಳ ಈ ಪುಟ್ಟ ಗಿಡ ಶರತ್ಕಾಲದಲ್ಲಿ ಕೆಂಪೇರುತ್ತದೆ. ಡಿಸ್ಟಿಕ್ಲಿಸ್ ಎಂಬ ಹುಲ್ಲು ಬರುವ ದಾರಿಯೇ ಬೇರೆ. ಅದು ಅಂಚಿನಿಂದ ನೆಲದೊಳಗೆ ಕಾಂಡವನ್ನು ಹರಿಬಿಟ್ಟು, ತಾಯಿಗಿಡದಿಂದ ನೀರು ಪಡೆಯುತ್ತಲೇ ಉಪ್ಪಿನ ನೆಲಕ್ಕೆ ಕಾಲಿಡುತ್ತದೆ. ಮಂಡಿಯೂರಿ ನೋಡಿದರೆ ಅದರ ಚಿಗುರುಗಳು ನೂಲು ಹಿಡಿದಂತೆ ನೇರ ಸಾಲಿನಲ್ಲಿ ಎದ್ದಿರುವುದೂ, ಎಲೆ ತಾನೇ ಹೊರಹಾಕಿದ ಉಪ್ಪಿನ ಹರಳುಗಳು ಅದರ ಮೇಲೆ ಮಿನುಗುವುದೂ ಕಾಣುತ್ತದೆ. ಈ ಹುಲ್ಲಿನ ನೆರಳಿನಿಂದ ಮಣ್ಣಿನ ಉಪ್ಪು ಇಳಿಯುತ್ತದೆ. ಇಳಿದ ಮೇಲೆ ಜೊಂಡಿನ ಜಾತಿಯ ಜಂಕಸ್‌ನಂಥ ಗಿಡಗಳು ಬಂದು, ದಾರಿ ಮಾಡಿಕೊಟ್ಟ ಡಿಸ್ಟಿಕ್ಲಿಸನ್ನೇ ಬದಿಗೊತ್ತುತ್ತವೆ. ಬೋಳು ನೆಲಕ್ಕೆ ಸಿಹಿನೀರು ಹಾಯಿಸಿ ನೋಡಿದಾಗ ನೆರವಿನ ಈ ಸಂಬಂಧ ಕುಗ್ಗಿ ಪೈಪೋಟಿ ಮೇಲಾಯಿತು. ಉಪ್ಪನ್ನು ಅಳೆಯದೆ ಗಿಡಗಳನ್ನಷ್ಟೇ ಎಣಿಸಿದ ದಾಖಲೆ ಅಪೂರ್ಣವೆಂದು ನಾನು ಹೇಳುವುದು ಇದಕ್ಕಾಗಿ. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯ ಗಜನಿಗಳ, ಎಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ರೈತರಿಗೆ ಇದು ಹೊಸದೇನಲ್ಲ. ಮುಂಗಾರು ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆಯೇ ಅವರು ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ.

ದಾಖಲಿಸುವ ಕ್ರಮ ಹೀಗಿರಲಿ. ಬೋಳಿನ ಅಂಚಿನಲ್ಲಿ ಗೂಟಗಳನ್ನು ನೆಟ್ಟು, ಅದರ ಉದ್ದಗಲವನ್ನು ಬರೆದುಕೊಳ್ಳಿ. 50 ಸೆಂಟಿಮೀಟರ್ ಬದಿಯ ಚೌಕಟ್ಟೊಂದನ್ನು ಪೈಪಿನಿಂದ ಮಾಡಿ, 10 ಸೆಂಟಿಮೀಟರಿಗೊಂದು ದಾರ ಕಟ್ಟಿದರೆ 25 ಮನೆಗಳಾಗುತ್ತವೆ. ಪ್ರತಿ ಗಿಡ ಎಷ್ಟು ಮನೆಗಳಲ್ಲಿದೆ ಎಂದು ಎಣಿಸಿ. ಅಂಚಿನಲ್ಲೊಂದು, ನಡುವಿನಲ್ಲೊಂದು, ಹೊರಗಿನ ಕೆಡದ ಹುಲ್ಲಿನಲ್ಲೊಂದು ಚೌಕ ಇರಲೇಬೇಕು. ಹೊರಗಿನದು ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ನೋಡುವುದು? ಬೇರಿನ ಆಳದ ಮಣ್ಣನ್ನು ಬಟ್ಟೆಯಲ್ಲಿ ಹಿಂಡಿ, ಒಂದು ಹನಿಯನ್ನು ನೀರಿನ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಬಿಡಿ. ಸಮುದ್ರದ ನೀರು ಸುಮಾರು 35 (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು) ತೋರಿಸುತ್ತದೆ. ಓದು ಅಳತೆಪಟ್ಟಿಯನ್ನು ಮೀರಿದರೆ ಸಮಪಾಲು ಶುದ್ಧ ನೀರು ಬೆರೆಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಮಳೆ ಬಿದ್ದ ಮರುದಿನದ ಅಳತೆಯನ್ನು ಒಣ ದಿನದ ಅಳತೆಗೆ ಹೋಲಿಸಬಾರದು. ವಸಂತದಲ್ಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ, ಪ್ರತಿ ವರ್ಷ ಅದೇ ಗೂಟಗಳ ಬಳಿ ಅಳೆಯಿರಿ. ಓಡಾಡಲು ಹಲಗೆ ಹಾಸಿಕೊಳ್ಳಿ, ಏಕೆಂದರೆ ಮೆತ್ತನೆಯ ಆ ನೆಲದಲ್ಲಿ ನಮ್ಮ ಹೆಜ್ಜೆಯೂ ಹೊಸ ಗಾಯವೇ.

ಕಾಯುವುದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ನೀರು ನಿಂತು ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಮೊದಲು ನೀರಿನ ಹಾದಿ ಬಿಡಿಸಬೇಕು. ಅಂಚಿನ ತುಂಬ ಏಡಿಯ ಬಿಲಗಳಿದ್ದು ಹುಲ್ಲು ಕತ್ತರಿಸಿದಂತಿದ್ದರೆ, ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್‌ನಲ್ಲಿ ಆದಂತೆ, ಸೆಸಾರ್ಮಾ ಏಡಿಗಳು ಮೇಯುತ್ತಿರಬಹುದು. ತೈಲದ ವಿಷಯ ಇನ್ನೂ ಕಷ್ಟ. 1969ರ ಸೆಪ್ಟೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಬಳಿ ಫ್ಲೋರಿಡಾ ಎಂಬ ತೈಲ ಸಾಗಿಸುವ ಬಾರ್ಜ್‌ನಿಂದ ಸೋರಿದ, ಡೀಸೆಲ್ಲಿನಂಥ ಇಂಧನ ತೈಲ, 30 ವರ್ಷಗಳ ನಂತರವೂ ವೈಲ್ಡ್ ಹಾರ್ಬರ್ ಜೌಗಿನ ಮಣ್ಣಿನಲ್ಲಿ ಉಳಿದಿತ್ತು. ಇಂಥ ಕಡೆ ಗುದ್ದಲಿಯಿಂದ ಒಂದು ಹೆಂಟೆ ಎತ್ತಿ ಒಳಗಿನ ಬಣ್ಣವನ್ನೂ ವಾಸನೆಯನ್ನೂ ನೋಡದೆ, ಮೇಲಿನ ಹಸಿರನ್ನಷ್ಟೇ ನಂಬಿ ಚೇತರಿಕೆ ಎಂದು ಬರೆಯಬೇಡಿ.

ಕಾರಣವನ್ನು ನಿವಾರಿಸಿದ ಮೇಲೂ, ಎರಡು ಮೂರು ವರ್ಷ ಕಳೆದರೂ ಅಂಚು ಒಳಸರಿಯದಿದ್ದರೆ ಆಗ ನೆಡಿ. ತೋಟದ ಸಾಲಿನಂತೆ ಬಿಡಿಬಿಡಿಯಾಗಿ ನೆಡದೆ ಒತ್ತೊತ್ತಾಗಿ ಗುಂಪು ಕಟ್ಟಿ ನೆಡಿ. ಮಧ್ಯದ ಸಸಿಗೆ ನೆರೆಯ ಸಸಿಯೇ ನೆರಳು, ನೆರಳಿದ್ದಲ್ಲಿ ಉಪ್ಪು ಕಡಿಮೆ.