ಪರದೇಶದಲ್ಲಿ ಹೊಸ ಬೈಕ್ ಕೊಳ್ಳುವ ಮುಂಚೆ

ಶೋರೂಮಿನಲ್ಲಿ ಬಣ್ಣ ಆರಿಸೋಕೆ ಮೊದಲು ಒಂದು ಮಾತು ಕೇಳಿ: 'ನನ್ನ ವೀಸಾ ಮೇಲೆ ಗಾಡಿ ನನ್ನ ಹೆಸರಿಗೇ ನೋಂದಣಿ ಆಗುತ್ತಾ?' ದುಡ್ಡು ಕೊಟ್ಟರೆ ಬೈಕ್ ಯಾರಿಗಾದರೂ ಮಾರುತ್ತಾರೆ, ನೋಂದಣಿ ಕಥೆಯೇ ಬೇರೆ. ಎಷ್ಟೋ ದೇಶಗಳಲ್ಲಿ ಪಾಸ್‌ಪೋರ್ಟ್ ಜೊತೆ ಅಲ್ಲಿನ ವಿಳಾಸದ ಪುರಾವೆಯೂ ಬೇಕು. 'ನಮ್ಮ ಹುಡುಗನ ಹೆಸರಲ್ಲಿ ಮಾಡಿಸೋಣ ಬಿಡಿ' ಅಂತ ಡೀಲರ್ ಹೇಳಿದರೆ ಒಪ್ಪಬೇಡಿ. ಕಾಗದದಲ್ಲಿ ಯಾರ ಹೆಸರಿದೆಯೋ ಗಾಡಿ ಅವರದ್ದು, ಅಲ್ವಾ? ಮಾರುವಾಗ, ಗಡಿ ದಾಟುವಾಗ, ವಿಮೆ ಕೇಳುವಾಗ ಒದ್ದಾಡುವವರು ಮಾತ್ರ ನೀವು.

ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಖಾಯಂ ನಂಬರ್ ಬರೋಕೆ ಎಷ್ಟು ದಿನ, ಅಲ್ಲಿಯವರೆಗೆ ತಾತ್ಕಾಲಿಕ ಪ್ಲೇಟಿನಲ್ಲಿ ಎಲ್ಲಿಗೆಲ್ಲ ಹೋಗಬಹುದು ಅನ್ನೋದನ್ನೂ ಕೇಳಿ. ವೀಸಾ ಕಡಿಮೆ ಇದ್ದವರಿಗೆ ಇದು ನಿಜವಾದ ತಲೆನೋವು.

ಲೈಸೆನ್ಸ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನಿಮ್ಮ ಊರಿನ ಲೈಸೆನ್ಸ್ ಜೊತೆ ಪರದೇಶದಲ್ಲಿ ತೋರಿಸೋ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇರೆ ಬೇರೆ ರಸ್ತೆ ಸಂಚಾರ ಒಪ್ಪಂದಗಳ ಪ್ರಕಾರ ಸಿಗುತ್ತದೆ. 1949ರ ಜಿನೀವಾ ಒಪ್ಪಂದದ ಪರ್ಮಿಟ್‌ಗೆ ಒಂದೇ ವರ್ಷ ಆಯಸ್ಸು. 1968ರ ವಿಯೆನ್ನಾ ಒಪ್ಪಂದದ್ದು ಬೇರೆ. ನೀವಿರುವ ದೇಶ ಯಾವುದನ್ನು ಒಪ್ಪುತ್ತದೆ ನೋಡಿ. ಅದರಲ್ಲಿ ಬೈಕಿನ 'ಎ' ವರ್ಗಕ್ಕೆ ಮುದ್ರೆ ಇಲ್ಲದಿದ್ದರೆ ಪರ್ಮಿಟ್ ಇದ್ದೂ ಇಲ್ಲದ ಹಾಗೆ. ಬಿದ್ದು ಕೈಕಾಲು ಮುರಿದರೆ ವಿಮೆಯವರು ಮೊದಲು ನೋಡೋದೇ ಅದನ್ನು.

ಗಾಡಿ ಕೈಗೆ ಬಂದ ದಿನ ಖುಷಿಯಲ್ಲಿ ಮರೆಯಬೇಡಿ: ಚಾಸಿ ನಂಬರ್, ಎಂಜಿನ್ ನಂಬರ್, ಪಾಸ್‌ಪೋರ್ಟಿನಲ್ಲಿರುವಂತೆ ನಿಮ್ಮ ಹೆಸರು, ಮೂರನ್ನೂ ಬಿಲ್ಲಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ಅಲ್ಲೇ ನಿಂತು ತಿದ್ದಿಸಿಕೊಂಡು ಹೊರಡಿ.