ಕದ್ದ ಬೇಸ್ ಯಾರ ಖಾತೆಗೆ?

ಬೇಸ್‌ಬಾಲ್ ಸ್ಕೋರ್ ಬರೆಯಲು ಕೂತಾಗ, ಮೊದಲ ಬೇಸ್‌ನಲ್ಲಿ (ರನ್ನರ್ ಸುತ್ತಿಬರಬೇಕಾದ ನಾಲ್ಕು ಠಾವುಗಳಲ್ಲಿ ಮೊದಲನೆಯದು) ರನ್ನರ್ ಇದ್ದರೆ ನಾನು ಚೆಂಡೆಸೆಯುವ ಪಿಚರ್‌ಗಿಂತ ಜಾಸ್ತಿ ಆ ರನ್ನರ್‌ನ ಕಾಲು ನೋಡುತ್ತೇನೆ. ಅಮೆರಿಕದಲ್ಲಿ ಮಗನ ಹೈಸ್ಕೂಲ್ ತಂಡದ ಸ್ಕೋರ್‌ಬುಕ್ ನನ್ನ ಪಾಲಿಗೆ ಬಂದ ಮೇಲೆ ಹತ್ತಿದ ಅಭ್ಯಾಸ ಇದು. ಸುಮ್ನೆ ಲೀಡ್ ತೆಗೆದುಕೊಂಡು, ಅಂದರೆ ಬೇಸ್ ಬಿಟ್ಟು ಕೆಲವು ಹೆಜ್ಜೆ ಮುಂದೆ ಬಂದು, ನಿಲ್ಲುವುದು ಬೇರೆ. ಪಿಚರ್ ಚೆಂಡು ಬಿಡುವ ಮುಂಚೆಯೇ ಓಟ ಶುರುವಾಯಿತಾ ಅನ್ನುವುದು ಮುಖ್ಯ.

ನಾನು ನೆಚ್ಚಿಕೊಂಡಿರುವುದು ಮೇಜರ್ ಲೀಗ್ ನಿಯಮ ಪುಸ್ತಕದ 9.07. ಹಿಟ್, ಎರರ್ (ಫೀಲ್ಡರ್‌ನ ತಪ್ಪು), ಔಟ್, ವೈಲ್ಡ್ ಪಿಚ್ (ಬ್ಯಾಟರ್ ಹಿಂದೆ ಕೂತ ಕ್ಯಾಚರ್‌ಗೆ ಹಿಡಿಯಲಾಗದಂತೆ ಪಿಚರ್ ಎಸೆದದ್ದು), ಪಾಸ್ಡ್ ಬಾಲ್ (ಹಿಡಿಯಬಹುದಾದದ್ದನ್ನು ಕ್ಯಾಚರ್ ಬಿಟ್ಟದ್ದು), ಬಾಕ್ (ಪಿಚರ್‌ನ ನಿಯಮ ಮೀರಿದ ಚಲನೆ), ಇಂಥ ಯಾವುದರ ನೆರವೂ ಇಲ್ಲದೆ ರನ್ನರ್ ಒಂದು ಬೇಸ್ ಮುಂದೆ ಹೋದರೆ ಅದು ಸ್ಟೋಲನ್ ಬೇಸ್, ಅಂದರೆ ಕದ್ದ ಬೇಸ್. ಸ್ಕೋರ್‌ಬುಕ್‌ನಲ್ಲಿ ಎಸ್‌ಬಿ. ಕ್ರಿಕೆಟ್‌ನಲ್ಲಿ ಬೈ ರನ್ ಬ್ಯಾಟ್ಸ್‌ಮನ್ ಖಾತೆಗೆ ಹೋಗುವುದಿಲ್ಲ ಅಲ್ವಾ, ಆ ಥರದ ಲೆಕ್ಕ.

ತಲೆನೋವು ಶುರುವಾಗುವುದು ಚೆಂಡು ಕ್ಯಾಚರ್‌ನನ್ನು ದಾಟಿ ಹಿಂದೆ ಉರುಳಿದಾಗ. ಅದನ್ನು ಕಂಡು ರನ್ನರ್ ಓಡಿದರೆ ವೈಲ್ಡ್ ಪಿಚ್ ಅಥವಾ ಪಾಸ್ಡ್ ಬಾಲ್. ಮೊದಲೇ ಹೊರಟಿದ್ದರೆ ಎಸ್‌ಬಿ, ಪಿಚರ್ ಮತ್ತು ಕ್ಯಾಚರ್ ಬಚಾವ್. ಅದೇ ಓಟದಲ್ಲಿ ಮೂರನೇ ಬೇಸ್‌ಗೂ ನುಗ್ಗಿದರೆ? ಎರಡನೆಯದು ಕದ್ದದ್ದು, ಮೂರನೆಯದು ವೈಲ್ಡ್ ಪಿಚ್ ಕೊಟ್ಟದ್ದು. ಎರಡನ್ನೂ ಬರೆಯಬೇಕು.

ಅಪ್ಪ ಅಮ್ಮಂದಿರು ಜಗಳಕ್ಕೆ ಬರುವುದು ಇನ್ನೊಂದು ಕಡೆ. ಕ್ಯಾಚರ್ ಎಸೆತ ನೇರವಾಗಿ, ಹೊತ್ತಿಗೆ ಸರಿಯಾಗಿ ಬಂತು. ಎರಡನೇ ಬೇಸ್ ಹತ್ತಿರದ ಫೀಲ್ಡರ್, ಶಾರ್ಟ್‌ಸ್ಟಾಪ್, ಚೆಂಡು ಕೈಬಿಟ್ಟ. ಹುಡುಗ ಬೇಸ್ ಮೇಲೆ ನಗುತ್ತಾ ನಿಂತಿದ್ದಾನೆ. ಆದರೂ ನಾನು ಬರೆಯುವುದು ಸಿಎಸ್, ಅಂದರೆ ಕಾಟ್ ಸ್ಟೀಲಿಂಗ್, ಕದಿಯುವಾಗ ಸಿಕ್ಕಿಬಿದ್ದದ್ದು. ಕ್ಯಾಚರ್‌ಗೆ ಅಸಿಸ್ಟ್ (ಔಟ್‌ಗೆ ನೆರವಾದ ಲೆಕ್ಕ), ಶಾರ್ಟ್‌ಸ್ಟಾಪ್‌ಗೆ ಎರರ್. ಚೆಂಡು ಹಿಡಿದಿದ್ದರೆ ಔಟ್ ಆಗಬೇಕಿತ್ತು, ಅಷ್ಟೇ. "ಸೇಫ್ ಆದವನು ಸಿಕ್ಕಿಬಿದ್ದ ಹೇಗೆ?" ಎಂದು ಕೇಳಿದವರಿಗೆ ನಿಯಮ ಪುಸ್ತಕ ತೋರಿಸುತ್ತೇನೆ. ಡಬಲ್ ಸ್ಟೀಲ್‌ನಲ್ಲಿ, ಅಂದರೆ ಇಬ್ಬರು ರನ್ನರ್‌ಗಳು ಒಟ್ಟಿಗೆ ಕದಿಯಲು ಹೊರಟಾಗ, ಒಬ್ಬ ಔಟಾದರೆ ಇನ್ನೊಬ್ಬನಿಗೂ ಎಸ್‌ಬಿ ಇಲ್ಲ. ಇದು ನನಗೇ ಸ್ವಲ್ಪ ಅನ್ಯಾಯ ಅನ್ನಿಸುತ್ತದೆ.

ನಿಯಮ ಮೊದಲಿಂದ ಹೀಗಿರಲಿಲ್ಲ. 1898ಕ್ಕೆ ಮುಂಚೆ, ಜೊತೆಯವನ ಹಿಟ್‌ಗೆ ಒಂದು ಬೇಸ್ ಹೆಚ್ಚು ಓಡಿದರೂ ಕದ್ದ ಲೆಕ್ಕವೇ. ಹಾಗಾಗಿ ಒಂದು ಸೀಸನ್‌ನಲ್ಲಿ ಕದ್ದ ಬೇಸ್‌ಗಳ ಲೆಕ್ಕದಲ್ಲಿ, 1887ರ ಆಟಗಾರ ಹ್ಯೂ ನಿಕೋಲ್‌ನ 138ಕ್ಕಿಂತ 1982ರ ರಿಕಿ ಹೆಂಡರ್ಸನ್‌ನ 130 ದೊಡ್ಡದು ಎಂದೇ ನಾನು ವಾದಿಸುತ್ತೇನೆ.

ಪೂರ್ತಿ ಸ್ಕೋರ್ ಬರೆಯುವ ನಮ್ಮ ವಿವೇಚನೆಗೆ ಬಿಟ್ಟದ್ದು ಡಿಫೆನ್ಸಿವ್ ಇಂಡಿಫರೆನ್ಸ್, ಅಂದರೆ ಫೀಲ್ಡಿಂಗ್ ತಂಡದ ಉದಾಸೀನ. ಕೊನೆಯ ಇನ್ನಿಂಗ್ಸ್, ಫೀಲ್ಡಿಂಗ್ ತಂಡ ಐದು ರನ್ ಮುಂದೆ, ಓಡುವವನನ್ನು ಯಾರೂ ತಡೆಯಲು ಹೋಗಲಿಲ್ಲ. ಆಗ ಎಸ್‌ಬಿ ಇಲ್ಲ, ಫೀಲ್ಡರ್ಸ್ ಚಾಯ್ಸ್, ಅಂದರೆ ಫೀಲ್ಡರ್‌ಗಳೇ ಬಿಟ್ಟುಕೊಟ್ಟ ಲೆಕ್ಕ. ಫಸ್ಟ್ ಬೇಸ್‌ಮನ್ ರನ್ನರ್‌ನ ಪಕ್ಕ ಬಿಟ್ಟು ದೂರ ನಿಂತಿದ್ದನಾ, ಸ್ಕೋರ್ ಎಷ್ಟಿತ್ತು, ಎರಡನ್ನೂ ನೋಡಿ ಬರೆಯುತ್ತೇನೆ. ಕ್ಯಾಚರ್ ಎಸೆಯಲಿಲ್ಲ ಅನ್ನುವುದೊಂದೇ ಸಾಲದು. ಎಷ್ಟೋ ಸಲ ಎಸೆದೂ ಪ್ರಯೋಜನ ಇಲ್ಲವೆಂದು ಚೆಂಡು ಕೈಯಲ್ಲೇ ಇಟ್ಟುಕೊಂಡಿರುತ್ತಾನೆ. ಆಗ ಎಸ್‌ಬಿ ಕೊಡುತ್ತೇನೆ.