ತೋಟಕ್ಕೆ ಕೋವಿ ಸಾಕು, ಮಿಲಿಟ್ರಿ ರೈಫಲ್ ಬೇಡ: ಲೈಸೆನ್ಸ್ ಮಾಡಿಸಿದ ನನ್ನ ಅನುಭವ

ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದವನಿಗೆ ಜನ ಕೇಳುವ ಮೊದಲ ಪ್ರಶ್ನೆ ಪಿಂಚಣಿ ಎಷ್ಟು ಅಂತ. ಎರಡನೆಯದು, ಗನ್ ತಂದಿದ್ದೀಯಾ ಅಂತ. ಯಾರೂ ತರುವುದಿಲ್ಲ. ಸೇನೆಯ ರೈಫಲ್ ಸೇನೆಯದು. ಹೊರಡುವ ದಿನ ಕೈಗೆ ಬರುವುದು ಡಿಸ್ಚಾರ್ಜ್ ಬುಕ್ಕು, ಹಳೇ ಟ್ರಂಕು, ಅಷ್ಟೇ.

ಆದರೆ ಊರಿಗೆ ಬಂದ ಮೇಲೆ ನನಗೆ ನಿಜವಾಗಿಯೂ ಕೋವಿ ಬೇಕಾಯಿತು. ಶಿರಸಿ ತಾಲೂಕಿನಲ್ಲಿ ನಮ್ಮದೊಂದು ಸಣ್ಣ ಅಡಿಕೆ ತೋಟ. ನಡುನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಚೂರು ಗದ್ದೆ. ಮಂಗಗಳು ಬಂದರೆ ಎಳೆ ಅಡಿಕೆಯನ್ನು ಚೀಪಿ ಬಿಸಾಡುತ್ತವೆ. ತಿನ್ನುವುದಕ್ಕಿಂತ ಹಾಳು ಮಾಡುವುದೇ ಜಾಸ್ತಿ. ಗದ್ದೆಗೆ ಹಂದಿ ಇಳಿದರೆ ಬೆಳಗಾಗುವುದರೊಳಗೆ ಉಳುಮೆ ಮಾಡಿದ ಹಾಗೆ ಕಾಣುತ್ತದೆ. ಪಟಾಕಿ, ಡಬ್ಬಿ ಬಡಿಯುವುದು, ಹಳೇ ಸೀರೆ ಕಟ್ಟುವುದು, ಎಲ್ಲಾ ಆಯಿತು. ಮಂಗ ಪಟಾಕಿಗೆ ಬೇಗ ಒಗ್ಗಿಕೊಳ್ಳುತ್ತದೆ. ಕೋವಿಯ ಈಡಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಮೊದಲು ಓದಿಕೊಂಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ರೈತನ ಪರವಾಗಿಯೇ ಇದೆ. ಬೆಳೆ ರಕ್ಷಣೆಗೆ ಅಂತ ಪ್ರಾಮಾಣಿಕವಾಗಿ ಕೇಳಿದವನಿಗೆ, ಬೇರೆ ತಕರಾರು ಇಲ್ಲದಿದ್ದರೆ, ಕೇಪಿನ ಕೋವಿಗೆ ಲೈಸೆನ್ಸ್ ಕೊಡಬೇಕು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಹೊಡೆಯುವ ಕೋವಿ ಅದು. ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ (ಕಾರ್ಟ್ರಿಡ್ಜ್) ಹಾಕಿ ಹೊಡೆಯುವ ಕೋವಿಗೂ ಕೊಡಬಹುದು. ಈ ಎರಡನೇ ಮಾತು ನಮ್ಮ ಕಡೆಯವರಿಗೆ ಬಹಳ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯ ಮಳೆಯಲ್ಲಿ ಕೇಪಿನ ಕೋವಿ ಹಿಡಿದು ನಿಂತವರಿಗೆ ಗೊತ್ತು. ಮದ್ದು ತೇವ ಹಿಡಿಯುತ್ತದೆ, ಕೇಪು ಚಟ್ ಅನ್ನುತ್ತದೆ, ಈಡು ಹಾರುವುದಿಲ್ಲ. ಹಾರದ ಈಡನ್ನು ನಳಿಗೆಯಿಂದ ತೆಗೆಯುವುದು ಇನ್ನೂ ಅಪಾಯದ ಕೆಲಸ. ನಾನು ಅರ್ಜಿಯ ಜೊತೆಗೆ ಇದನ್ನೇ ಒಂದು ಪುಟ ಬರೆದು, 12 ಬೋರಿನ ಜೋಡುನಳಿಗೆ ತೋಟೆ ಕೋವಿ ಕೇಳಿದೆ.

ಅರ್ಜಿ ಹೋಗುವುದು ಕಾರವಾರಕ್ಕೆ, ಜಿಲ್ಲಾಧಿಕಾರಿಗಳ ಹೆಸರಿಗೆ. ಪಹಣಿ, ಆಧಾರ್, ಫೋಟೋ, ವೈದ್ಯರ ಸರ್ಟಿಫಿಕೇಟು, ಕೋವಿಯನ್ನು ಮನೆಯಲ್ಲಿ ಎಲ್ಲಿ ಬೀಗ ಹಾಕಿ ಇಡುತ್ತೇನೆ ಎಂಬ ವಿವರ, ಇವೆಲ್ಲ ಬೇಕು. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ಅಕ್ಕಪಕ್ಕದವರನ್ನೂ ಕೇಳುತ್ತಾರೆ. ಕೇಳಲೇಬೇಕು. ಜೋಯಿಡಾ ಕಡೆಯ ಗೆಳೆಯನಿಗೆ ಇದರ ಮೇಲೆ ಇನ್ನೊಂದು ತೊಡಕು ಇತ್ತು. ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ ವನ್ಯಜೀವಿ ಕಾಯ್ದೆಯ ಪ್ರಕಾರ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಕಾಳಿ ಹುಲಿ ಕಾಡಿನ ಅಂಚಿನವರಿಗೆ ಇದು ದೊಡ್ಡ ತಲೆನೋವು. ಅದೇ ಅಂಚಿನಲ್ಲಿ ಪ್ರಾಣಿಗಳ ಕಾಟವೂ ಜಾಸ್ತಿ ಅಲ್ವಾ?

ಲೈಸೆನ್ಸ್ ಬಂದ ಮೇಲೆ ಕೋವಿ ಕೊಳ್ಳಲು ಹುಬ್ಬಳ್ಳಿಗೆ ಹೋದೆ. ಅಂಗಡಿಯವರು ನಾನು ಮಾಜಿ ಸೈನಿಕ ಅಂತ ತಿಳಿದು ಸುಮ್ನೆ ನೋಡಲಿ ಅಂತ ಒಂದು ಪಾಯಿಂಟ್ 315 ರೈಫಲ್ ತೆಗೆದು ಕೈಗೆ ಕೊಟ್ಟರು. ಈಶಾಪುರದ ಸರ್ಕಾರಿ ಕಾರ್ಖಾನೆಯ ಮಾಲು. ಬೋಲ್ಟ್ ಎಳೆದ ಕೂಡಲೇ ಕೈಗೆ ಗುರುತು ಸಿಕ್ಕಿತು. ಅದು ಸೇನೆಯ ಹಳೇ ತ್ರೀ ನಾಟ್ ತ್ರೀ (.303) ರೈಫಲ್ಲಿನ ಬೋಲ್ಟೇ. ಹಾಗಿದ್ದರೂ ತ್ರೀ ನಾಟ್ ತ್ರೀ ನಾಗರಿಕರಿಗೆ ನಿಷಿದ್ಧ, ಇದು ನಿಷಿದ್ಧವಲ್ಲ. ವ್ಯತ್ಯಾಸ ಇರುವುದು ಗುಂಡಿನ ಅಳತೆಯಲ್ಲಿ. ಸೇನೆಯ ಗುಂಡು ಕಳ್ಳತನವಾಗಿ ಹೊರಗೆ ಹೋದರೂ ಅದನ್ನು ಹಾರಿಸುವ ಬಂದೂಕು ಜನರ ಹತ್ತಿರ ಇರಬಾರದು. ಬ್ರಿಟಿಷರ ಕಾಲದ ಈ ಲೆಕ್ಕ ಇವತ್ತಿಗೂ ನಮ್ಮ ನಿಯಮದಲ್ಲಿ ಕೂತಿದೆ. ತ್ರೀ ನಾಟ್ ತ್ರೀ, 7.62 ಎಂಎಂ ಗುಂಡು ಹಾರಿಸುವ ರೈಫಲ್ ಬೇಕು ಅಂದರೆ ಕಾರವಾರದಲ್ಲಿ ಕೇಳಿ ಉಪಯೋಗವಿಲ್ಲ. ನಿಷಿದ್ಧ ಬೋರಿನ, ಅಂದರೆ ನಿಷಿದ್ಧ ಅಳತೆಯ ನಳಿಗೆಯ, ಲೈಸೆನ್ಸ್ ದೆಹಲಿಯ ಗೃಹ ಸಚಿವಾಲಯದ್ದು. ಸಾಮಾನ್ಯರಿಗೆ ಸಿಗುವುದು ಕನಸಿನ ಮಾತು.

ನನ್ನ ಲೈಸೆನ್ಸ್ ರೈಫಲಿಗೆ ಇರಲೂ ಇಲ್ಲ. ಜೋಡುನಳಿಗೆ ತೆಗೆದುಕೊಂಡು ಬಂದೆ.

ಪಕ್ಕದ ತೋಟದ ಹೆಗಡೇರು ಅದನ್ನು ನೋಡಿ ನಕ್ಕರು. "ಎಂತ ಮಾರಾಯ, ಮಿಲಿಟ್ರಿಯಲ್ಲಿ ಇದ್ದವ ನೀನು. ಎರಡೇ ಈಡಿನ ಕೋವಿ ಹಿಡ್ಕಂಡು ಬಂದ್ಯಲ್ಲ? ಅಮೆರಿಕದಲ್ಲಿ ಮಿಲಿಟ್ರಿ ನಮೂನೆಯದ್ದೇ ಅಂಗಡಿಯಲ್ಲಿ ಸಿಗ್ತದಂತೆ." ಅವರ ಮಗ ಹೊರದೇಶದಲ್ಲಿದ್ದಾನೆ, ಸುದ್ದಿ ಎಲ್ಲಾ ಬರುತ್ತದೆ.

ಅವರು ಹೇಳಿದ್ದು ನಿಜವೇ. ಎಆರ್-15 ಅನ್ನುವ ರೈಫಲನ್ನು 1950ರ ದಶಕದಲ್ಲಿ ಆರ್ಮಲೈಟ್ ಕಂಪನಿ ಮಾಡಿತು. 1959ರಲ್ಲಿ ಕೋಲ್ಟ್ ಕಂಪನಿ ಅದರ ಹಕ್ಕು ಕೊಂಡಿತು. ಅದೇ ಮುಂದೆ ಸೇನೆಯಲ್ಲಿ ಎಂ-16 ಆಯಿತು. ಆಟೋಮ್ಯಾಟಿಕ್, ಅಂದರೆ ಒತ್ತಿ ಹಿಡಿದರೆ ಒಂದೇ ಸಮನೆ ಗುಂಡು ಹಾರುವ ವ್ಯವಸ್ಥೆ, ತೆಗೆದುಹಾಕಿದ ನಮೂನೆಯನ್ನು 1964ರಿಂದ ಜನರಿಗೂ ಮಾರಿದರು. ಅಲ್ಲಿ 1994ರಿಂದ 2004ರವರೆಗೆ ಹತ್ತು ವರ್ಷ ಇಂಥ ಹಲವು ರೈಫಲ್‌ಗಳ ಹೊಸ ಮಾರಾಟಕ್ಕೆ ನಿಷೇಧ ಇತ್ತು. ಆಮೇಲೆ ಅದು ಮುಗಿಯಿತು. ಪರವಾಗಿ ಮಾತಾಡುವವರು ಹೇಳುವುದು ಒಂದೇ. ಕುದುರೆ (ಟ್ರಿಗರ್) ಒಮ್ಮೆ ಒತ್ತಿದರೆ ಒಂದೇ ಗುಂಡು, ಹಾಗಾಗಿ ಇದು ಸೇನೆಯ ಆಯುಧವಲ್ಲ ಅಂತ.

ಇಲ್ಲಿ ನನಗೆ ಒಪ್ಪಲಾಗುವುದಿಲ್ಲ. ನಾನು ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ಮೊದಲು ಕಲಿತದ್ದು ಎಸ್‌ಎಲ್‌ಆರ್ ಮೇಲೆ. ತಾನಾಗಿ ತುಂಬಿಕೊಳ್ಳುವ ರೈಫಲ್ ಅದು, 7.62 ಎಂಎಂ, 20 ಗುಂಡಿನ ಮ್ಯಾಗಜಿನ್. ಅದರಲ್ಲಿ ಆಟೋಮ್ಯಾಟಿಕ್ ಇಲ್ಲವೇ ಇಲ್ಲ. ಒಮ್ಮೆ ಒತ್ತಿದರೆ ಒಂದೇ ಗುಂಡು. 1971ರ ಯುದ್ಧದಲ್ಲಿ ನಮ್ಮ ಕಾಲಾಳುಗಳ ಮುಖ್ಯ ರೈಫಲ್ ಅದೇ ಆಗಿತ್ತು. ಹಾಗಾದರೆ ಅದು ಸೇನೆಯ ಆಯುಧ ಅಲ್ಲವೇ? ಆಮೇಲೆ ಬಂದ ಇನ್ಸಾಸ್‌ನಲ್ಲಿ ಒಮ್ಮೆ ಒತ್ತಿದರೆ ಮೂರು ಗುಂಡು ಹಾರುವ ಬರ್ಸ್ಟ್ ಇದೆ. ಆದರೂ ಉಸ್ತಾದರು ಕಲಿಸುತ್ತಿದ್ದದ್ದು ಗುರಿ ಹಿಡಿದು ಒಂದೊಂದೇ ಹೊಡೆ ಅಂತ. ಗುರಿ ತಪ್ಪದ ಒಂದೊಂದು ಗುಂಡು, ಖಾಲಿಯಾದ ಮ್ಯಾಗಜಿನ್ನನ್ನು ಕಣ್ಣು ಕೆಳಗಿಳಿಸದೆ ಬದಲಿಸುವ ಕೈ, 300 ಮೀಟರ್ ಆಚೆ ನಿಂತವನನ್ನು ಬೀಳಿಸುವ ಬಲ. ರೈಫಲ್ಲಿನ ಯುದ್ಧಗುಣ ಅಂದರೆ ಇವು. ಆಟೋಮ್ಯಾಟಿಕ್ ಗುಂಡಿ ತೆಗೆದರೂ ಇವು ಮೂರೂ ಉಳಿಯುತ್ತವೆ.

ಈಗ ನಮ್ಮ ತೋಟಕ್ಕೆ ಬನ್ನಿ. ಇಲ್ಲಿ ಬಯಲು ಅನ್ನುವುದೇ ಇಲ್ಲ. ತೋಟ ಕಣಿವೆಯಲ್ಲಿ, ಮನೆ ಅದರ ತಲೆಯ ಮೇಲೆ, ಆಚೆ ದರೆ, ಅದರಾಚೆ ಸೊಪ್ಪಿನ ಬೆಟ್ಟ. ಮರಗಳ ನಡುವೆ ಕಣ್ಣಿಗೆ ಕಾಣುವುದೇ ನಲವತ್ತು ಐವತ್ತು ಮೀಟರ್. ಬೆಟ್ಟದಲ್ಲಿ ಯಾರೋ ಸೊಪ್ಪು ಕೊಯ್ಯುತ್ತಿರುತ್ತಾರೆ, ಯಾರದೋ ದನ ಮೇಯುತ್ತಿರುತ್ತದೆ. 7.62 ಗುಂಡು ಸೆಕೆಂಡಿಗೆ 800 ಮೀಟರಿಗಿಂತ ವೇಗವಾಗಿ ಹೊರಡುತ್ತದೆ. ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಚಿರೇಕಲ್ಲಿಗೆ ಬಡಿದರೆ ಎತ್ತ ತಿರುಗುತ್ತದೆ ಅಂತ ಹೊಡೆದವನಿಗೂ ಹೇಳಲಾಗುವುದಿಲ್ಲ. 12 ಬೋರಿನ ಸಣ್ಣ ಚರೆ ಐವತ್ತು ಮೀಟರಿಗೆ ಸೋಲುತ್ತದೆ, ಇನ್ನೂರು ಮುನ್ನೂರು ಮೀಟರಿನೊಳಗೆ ನೆಲ ಕಾಣುತ್ತದೆ. ಸದ್ದು ಮಾತ್ರ ಕಣಿವೆ ತುಂಬಾ ಕೇಳುತ್ತದೆ. ನನಗೆ ಬೇಕಾದದ್ದು ಆ ಸದ್ದು.

ಯಾಕೆಂದರೆ ಕೋವಿ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರ ಮೇಲೂ ಇದೆ. ಬೆಳೆ ಹಾಳು ಮಾಡುವ ಹಂದಿಯನ್ನಾದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಲ್ಲುವ ಹಾಗಿಲ್ಲ. ಹಾಗಿರುವಾಗ ಓಡಿಸಲು ಬೇಕಾದ ಸಾಧನವನ್ನು ಬಿಟ್ಟು ಕೊಲ್ಲಲು ಮಾಡಿದ ಸಾಧನವನ್ನು ಯಾಕೆ ಕೇಳಬೇಕು?

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಶಾಂತಿ ಠಾಣ್ಯದಲ್ಲಿ ಸೈನಿಕನ ರೈಫಲ್ ಅವನ ಮಂಚದ ಪಕ್ಕ ಇರುವುದಿಲ್ಲ. ಕೋತ್‌ನಲ್ಲಿ ಇರುತ್ತದೆ. ಅದು ಆಯುಧ ಇಡುವ ಕೋಣೆ. ಸರಪಳಿ, ಬೀಗ, ಪಹರೆ, ರಿಜಿಸ್ಟರಿನಲ್ಲಿ ಸಹಿ. ಫೈರಿಂಗ್ ಮುಗಿದ ಮೇಲೆ ಖಾಲಿ ಕೇಸುಗಳನ್ನು ಎಣಿಸಿ ಒಪ್ಪಿಸಬೇಕು. ಒಂದು ಕಮ್ಮಿಯಾದರೆ ಇಡೀ ಪ್ಲಟೂನ್ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತದೆ. ತರಬೇತಿ ಪಡೆದ, ಮೇಲೆ ಅಧಿಕಾರಿ ಇರುವ ಸೈನಿಕನನ್ನೇ ಸೇನೆ ಇಷ್ಟು ನಂಬುವುದಿಲ್ಲ. ಅದೇ ರೈಫಲ್ಲಿನ ತಮ್ಮನನ್ನು ಮನೆಯ ಕಪಾಟಿನಲ್ಲಿ ಇಡುವಾಗ ಕೋತ್ ಎಲ್ಲಿಂದ ತರುವುದು? ಸ್ವಿಟ್ಜರ್ಲೆಂಡಿನವರು ಸೇವೆ ಮುಗಿಸಿದವನಿಗೆ ಪರವಾನಗಿ ಇದ್ದರೆ ರೈಫಲ್ ಇಟ್ಟುಕೊಳ್ಳಲು ಬಿಡುತ್ತಾರೆ, ಆಟೋಮ್ಯಾಟಿಕ್ ತೆಗೆದು. ಆದರೆ ಅವರೂ ಸೈನಿಕರು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಸೇನೆಯ ಗುಂಡುಗಳನ್ನು 2007ರ ನಂತರ ವಾಪಸ್ ತೆಗೆದುಕೊಂಡರು.

ಆಸ್ಟ್ರೇಲಿಯಾದ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಅವರು ಇಂಥ ರೈಫಲ್‌ಗಳನ್ನು ಜನರಿಂದ ಹಣ ಕೊಟ್ಟು ಹಿಂದೆ ಪಡೆದರು. ಸುಮಾರು ಆರೂವರೆ ಲಕ್ಷ ಬಂದೂಕು ಬಂತು. ಹಾಗಂತ ರೈತರನ್ನು ಬರಿಗೈಯಲ್ಲಿ ಬಿಡಲಿಲ್ಲ. ಕೃಷಿಕ ಅಂತ ತೋರಿಸಿದವನಿಗೆ ಸಣ್ಣ ಬೋರಿನ ರೈಫಲ್, ಐದು ಈಡಿನೊಳಗಿನ ಚರೆ ಕೋವಿ ಸಿಗುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್‌ನಲ್ಲಿ 51 ಜನ ಸತ್ತಾಗ ನ್ಯೂಜಿಲೆಂಡ್ ಒಂದೇ ತಿಂಗಳಲ್ಲಿ ಇಂಥ ರೈಫಲ್ಲುಗಳನ್ನು ನಿಷೇಧಿಸುವ ಕಾನೂನು ಮಾಡಿತು.

ನಮ್ಮ ಕಾನೂನಿನಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಒಂದೊಂದಾಗಿ ಬೋಲ್ಟ್ ಎಳೆದು ಹೊಡೆಯುವ ತ್ರೀ ನಾಟ್ ತ್ರೀ ನಿಷಿದ್ಧ, ಅದರ ಅಣ್ಣತಮ್ಮನಂಥ 315 ಸರಿ. ಇದು ಆಯುಧ ನೋಡಿ ಹಾಕಿದ ಗೆರೆಯಲ್ಲ, ಗುಂಡು ನೋಡಿ ಹಾಕಿದ್ದು. ಗೆರೆ ಎಳೆಯುವುದಾದರೆ ತಾನಾಗಿ ತುಂಬಿಕೊಳ್ಳುವ ರೈಫಲ್ ಮತ್ತು ದೊಡ್ಡ ಮ್ಯಾಗಜಿನ್ ಹತ್ತಿರ ಎಳೆಯಬೇಕು. ಅಲ್ಲಿ ಬಿಗಿ ಇರಲಿ, ಇನ್ನೂ ಬಿಗಿಯಾದರೂ ನನ್ನ ತಕರಾರಿಲ್ಲ. ಬದಲಿಗೆ ಕೇಪಿನ ಕೋವಿ, 12 ಬೋರಿನ ಅರ್ಜಿಗಳನ್ನು ಬೇಗ ವಿಲೇ ಮಾಡಲಿ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ಹಳೇ ಪದ್ಧತಿಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಅಷ್ಟು ನಾವು ಕೇಳುತ್ತಿಲ್ಲ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂಬ ನೋಟಿಸು ಬರುತ್ತದೆ. 2024ರಲ್ಲಿ ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ ಇತ್ತು. ಮಂಗಗಳಿಗೆ ನೀತಿ ಸಂಹಿತೆ ಇಲ್ಲ. ಬೆಳೆ ರಕ್ಷಣೆಗೆ ವಿನಾಯಿತಿ ಕೊಡಿ ಅಂತ ಮೊದಲೇ ಬರೆದು ಕೊಟ್ಟು, ಸ್ವೀಕೃತಿ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಸಿಕ್ಕೇ ಸಿಗುತ್ತದೆ ಅಂತ ಇಲ್ಲ.

ಹೊಸದಾಗಿ ಮಾಡಿಸುವವರಿಗೆ ಇಷ್ಟು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಒಬ್ಬರ ಹೆಸರಲ್ಲಿ ಎರಡೇ ಬಂದೂಕು. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿ ಜನರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ. ತೋಟೆಗಳನ್ನು ಕೋವಿಯ ಜೊತೆ ಇಡಬೇಡಿ, ಬೇರೆ ಬೀಗದಲ್ಲಿ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಳಿಗೆಗೆ ಎಣ್ಣೆ ಬಟ್ಟೆ ಎಳೆಯಿರಿ, ಇಲ್ಲದಿದ್ದರೆ ತುಕ್ಕು ಗ್ಯಾರಂಟಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ಮೂರು ತಿಂಗಳು ಮೊದಲೇ ಹಾಕಿ. ಕಾರವಾರ ನಮಗೆ ಘಟ್ಟ ಇಳಿದು ಹೋಗುವ ದೂರ, ಒಂದು ಕಾಗದ ಕಮ್ಮಿ ಅಂತ ವಾಪಸ್ ಬಂದರೆ ಒಂದು ದಿನ ಪೂರಾ ಹೋಗುತ್ತದೆ.